ಹಿಮಕ್ಕೆ ಪಕ್ಕದ ಬೆಟ್ಟವೇ ಲೇಸು

ಹಿಮದಲ್ಲಿ ಬೆಟ್ಟ ಹತ್ತಬೇಕೆಂಬ ಆಸೆ ಇದ್ದವರು ಮೊದಲು ಎತ್ತರದ ಆಸೆ ಬಿಡಬೇಕು. ಈ ಮಾತನ್ನು ಎಡಿನ್‌ಬರೊದ ಕನ್ನಡ ಗೆಳೆಯರ ಮುಂದೆ ಹೇಳಿದರೆ ಸೋಮಾರಿಯ ವೇದಾಂತ ಎಂದು ನಗುತ್ತಾರೆ. ನಗಲಿ. ಚಳಿಗಾಲ ಬಂತೆಂದರೆ ಅವರು ಮೂರು ಗಂಟೆ ಕಾರು ಓಡಿಸಿಕೊಂಡು ಉತ್ತರದ ಕೇರ್ನ್‌ಗಾರ್ಮ್ ಸೀಮೆಗೆ ಹೋಗುತ್ತಾರೆ. ನಾನು ಬಸ್ಸು ಹತ್ತಿ ಪೆಂಟ್‌ಲ್ಯಾಂಡ್ ಬೆಟ್ಟಗಳಿಗೆ ಹೋಗುತ್ತೇನೆ.

ನಗರದ ದಕ್ಷಿಣದಂಚಿನಲ್ಲಿ ಮನೆಗಳ ಸಾಲು ಮುಗಿಯುತ್ತಲೇ ಪೆಂಟ್‌ಲ್ಯಾಂಡ್ ಶುರು. ಅಲ್ಲಿಂದ ನೈಋತ್ಯಕ್ಕೆ 30 ಕಿಲೋಮೀಟರಿನಷ್ಟು ದೂರ ಗುಡ್ಡದ ಹಿಂದೆ ಗುಡ್ಡ. ಇದ್ದುದರಲ್ಲಿ ಎತ್ತರದ್ದು ಸ್ಕಾಲ್ಡ್ ಲಾ, 579 ಮೀಟರ್. ಬೆಂಗಳೂರಿನ ಎಂ.ಜಿ. ರಸ್ತೆಯೇ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಹುಬ್ಬಳ್ಳಿಯಿಂದ ಬಂದ ಗೆಳೆಯನೊಬ್ಬನನ್ನು ಕರೆದುಕೊಂಡು ಹೋದಾಗ ಬುಡದಲ್ಲಿ ನಿಂತು, ‘ಇದಕ್ಕ ಬೆಟ್ಟ ಅಂತೀರೇನ್ರೀ? ಇದಕಿಂತ ನಮ್ಮ ನೃಪತುಂಗ ಬೆಟ್ಟಾನ ಛಲೋ ಐತಲ್ರೀ’ ಅಂದ. ಬೇಸಗೆಯಲ್ಲಾಗಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಅಂದು ಗುಡ್ಡದ ನೆತ್ತಿಯಲ್ಲಿ ಗಾಳಿ ಬೀಸತೊಡಗಿದ ಮೇಲೆ ಅವನು ಮಾತೇ ಆಡಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಎತ್ತರದ ಹುಚ್ಚಿಗೆ ಒಂದು ಪಟ್ಟಿಯೇ ಇದೆ. 3000 ಅಡಿ ಮೀರಿದ ಶಿಖರಗಳನ್ನೆಲ್ಲ ಪಟ್ಟಿ ಮಾಡಿ 1891ರಲ್ಲಿ ಪ್ರಕಟಿಸಿದವನು ಹ್ಯೂ ಮನ್ರೋ. ಬಳ್ಳಾರಿ ಸೀಮೆಯಲ್ಲಿ ಕಂದಾಯದ ಏರ್ಪಾಟು ಮಾಡಿದ ಥಾಮಸ್ ಮನ್ರೋ ಅಲ್ಲ, ಅವನು ಗ್ಲಾಸ್ಗೋದವನು, ಇವನಿಗಿಂತ ಸುಮಾರು ನೂರು ವರ್ಷ ಹಿಂದಿನವನು. ಹ್ಯೂ ಮನ್ರೋನ ಪಟ್ಟಿಯಲ್ಲಿ ಈಗ 282 ಶಿಖರಗಳಿವೆ. ಒಂದೊಂದಾಗಿ ಹತ್ತಿ ಗುರುತು ಹಾಕಿಕೊಳ್ಳುತ್ತಾ ಹೋಗುವುದು ಇಲ್ಲಿಯವರಿಗೆ ಜೀವಮಾನದ ವ್ರತ. ಪಟ್ಟಿ ಮಾಡಿದ ಪುಣ್ಯಾತ್ಮನೇ ಎಲ್ಲವನ್ನೂ ಹತ್ತಿ ಮುಗಿಸದೆ ತೀರಿಕೊಂಡ. ಪೆಂಟ್‌ಲ್ಯಾಂಡಿನ ಒಂದು ಗುಡ್ಡವೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಲ್ಲಿ ಗುರುತು ಹಾಕುವ ಗಡಿಬಿಡಿ ಯಾರಿಗೂ ಇಲ್ಲ.

ನನ್ನ ವಾದ ಬಲು ಸರಳ. ಹಿಮದ ನಡಿಗೆಯ ತಾರೀಕನ್ನು ನಾವು ಗೊತ್ತುಮಾಡುವಂತಿಲ್ಲ, ಅದು ಹಿಮದ ಕೈಯಲ್ಲಿದೆ. ಈ ಊರಿನ ಚಳಿಗಾಲವನ್ನು ಆಳುವುದು ಅಟ್ಲಾಂಟಿಕ್ ಕಡೆಯ ಒದ್ದೆ ಗಾಳಿ. ಅದು ಬೀಸುತ್ತಿರುವಷ್ಟು ದಿನ ಮಳೆ, ಕೆಸರು, ಬೂದು ಮೋಡ. ಯಾವಾಗಲೋ ಒಮ್ಮೆ ಗಾಳಿ ತಿರುಗಿ ಪೂರ್ವದಿಂದ ಇಲ್ಲವೇ ಈಶಾನ್ಯದಿಂದ ಬೀಸುತ್ತದೆ. ಉತ್ತರ ಸಮುದ್ರದ ಮೇಲೆ ತೇವ ಹೀರಿಕೊಂಡು ಬಂದ ಆ ತಣ್ಣನೆಯ ಗಾಳಿ ಬೆಟ್ಟಕ್ಕೆ ತಾಗಿದಾಗ ಹಿಮ ಬೀಳುತ್ತದೆ. ಹೆಚ್ಚೆಂದರೆ ಎರಡೋ ಮೂರೋ ದಿನ. ಮತ್ತೆ ಪಡುವಣ ಗಾಳಿ ಬಂತೆಂದರೆ ರಾತ್ರಿ ಬೆಳಗಾಗುವುದರಲ್ಲಿ ಕರಗಿ ನೀರು. ನವೆಂಬರಿನಲ್ಲೇ ಜನವರಿಯ ವಾರಾಂತ್ಯಕ್ಕೆ ದೂರದ ಊರಲ್ಲಿ ರೂಮು ಕಾದಿರಿಸಿದವರು ಮಳೆಯಲ್ಲಿ ಕಿಟಕಿ ಪಕ್ಕ ಕೂತು ಇಸ್ಪೀಟು ಆಡಿ ಬಂದ ಕಥೆ ನಮ್ಮ ಬಳಗದಲ್ಲಿ ಬೇಕಾದಷ್ಟಿದೆ. ಅದೇ ಪಕ್ಕದ ಬೆಟ್ಟವಾದರೆ ರಾತ್ರಿ ಹಿಮ ಬಿದ್ದದ್ದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದಲೇ ಗೊತ್ತಾಗುತ್ತದೆ.

ಕಿಟಕಿಯಿಂದ ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ಮೇಲೆ ಹೋದಂತೆ ಸುಮಾರು 150 ಮೀಟರಿಗೆ ಒಂದು ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ. ಊರಲ್ಲಿ ಮೂರು ಡಿಗ್ರಿ ಇದ್ದು ಜಿಟಿಜಿಟಿ ಮಳೆ ಹಿಡಿದಿದ್ದರೂ ಸ್ಕಾಲ್ಡ್ ಲಾ ನೆತ್ತಿಯಲ್ಲಿ ಅದು ಹಿಮವಾಗಿಯೇ ಇಳಿಯುತ್ತಿರಬಹುದು. ಮೋಡ ಸರಿದಾಗ ಗುಡ್ಡದ ಮೈಮೇಲೆ ಬಿಳಿ ಎಲ್ಲಿಂದ ಶುರುವಾಗಿದೆ ಎಂದು ನೋಡಿ. ಆ ಗೆರೆ ಕೆಳಗಿಳಿದಷ್ಟೂ ದಿನ ಒಳ್ಳೆಯದು. ಆದರೆ ಬಿರುಗಾಳಿಯಲ್ಲಿ ಹೊರಡುವುದು ಶೌರ್ಯವಲ್ಲ. 2018ರ ಫೆಬ್ರವರಿ ಕೊನೆಯಲ್ಲಿ ‘ಬೀಸ್ಟ್ ಫ್ರಮ್ ದಿ ಈಸ್ಟ್’ ಎಂದು ಪತ್ರಿಕೆಗಳು ಕರೆದ ಮೂಡಣ ಗಾಳಿ ಬಂದಾಗ ಹವಾಮಾನ ಇಲಾಖೆ ಇಲ್ಲಿ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಅಂಥ ದಿನ ಮನೆಯಲ್ಲಿ ಕೂತು ಬಜ್ಜಿ ಕರಿಯಬೇಕು. ನಡಿಗೆ ಏನಿದ್ದರೂ ಗಾಳಿ ನಿಂತು ಆಕಾಶ ತೊಳೆದಂತಾದ ಮರುದಿನ.

ಈ ಬೆಟ್ಟಗಳಲ್ಲಿ ದಾರಿಗೇನೂ ಬರವಿಲ್ಲ. ಊರಿಗೆ ಅಂಟಿಕೊಂಡ ಸ್ವಾನ್‌ಸ್ಟನ್ ಹಳ್ಳಿಯಿಂದ ಆಲರ್‌ಮ್ಯೂರ್ ಹತ್ತಿದರೆ (493 ಮೀಟರ್) ಇಡೀ ಎಡಿನ್‌ಬರೊ, ಅದರಾಚೆ ಫೋರ್ತ್ ಕೊಲ್ಲಿ, ಕೊಲ್ಲಿಗೆ ಅಡ್ಡಲಾಗಿ 1890ರ ರೈಲು ಸೇತುವೆ ಒಂದೇ ನೋಟಕ್ಕೆ ಸಿಗುತ್ತವೆ. ಅರ್ಧ ದಿನಕ್ಕೆ ಅದು ಸಾಕು. ಹಿಮಕ್ಕೆಂದೇ ನಾನು ಇಟ್ಟುಕೊಂಡಿರುವ ದಾರಿ ಬೇರೆ. ಫ್ಲಾಟರ್‌ಸ್ಟೋನ್‌ನಲ್ಲಿ ಬಸ್ಸಿಳಿದು ಟರ್ನ್‌ಹೌಸ್ ಗುಡ್ಡ, ಕಾರ್ನೆಥಿ, ಸ್ಕಾಲ್ಡ್ ಲಾ, ಪೂರ್ವ ಕಿಪ್, ಪಶ್ಚಿಮ ಕಿಪ್ ಎಂದು ಒಂದರ ಬೆನ್ನಿಂದ ಇನ್ನೊಂದರ ಬೆನ್ನಿಗೆ ದಾಟುತ್ತಾ ಹೋಗಿ, ಕಣಿವೆಗಿಳಿದು ಲೋಗನ್‌ಲೀ ಮತ್ತು ಗ್ಲೆನ್‌ಕೋರ್ಸ್ ಜಲಾಶಯಗಳ ದಂಡೆಯಲ್ಲಿ ಹಿಂದಿರುಗುವುದು. ಎಲ್ಲ ಸೇರಿ 13–14 ಕಿಲೋಮೀಟರ್. ಈ ದಿಕ್ಕಿನಲ್ಲೇ ಯಾಕೆ? ಹಿಮ ತರುವ ಗಾಳಿ ಪೂರ್ವ–ಈಶಾನ್ಯದ್ದು, ಬೆಟ್ಟದ ಸಾಲು ಈಶಾನ್ಯದಿಂದ ನೈಋತ್ಯಕ್ಕೆ. ಹೀಗೆ ಹೊರಟರೆ ಮೇಲಿದ್ದಷ್ಟು ಹೊತ್ತೂ ಗಾಳಿ ಬೆನ್ನಿಗೆ. ವಾಪಸು ಬರುವಾಗ ಮುಖಕ್ಕೆ ಎದುರಾಗುವ ಗಾಳಿಯನ್ನು ಗುಡ್ಡಗಳೇ ತಡೆಯುತ್ತವೆ. ಉಲ್ಟಾ ಹೊರಟವರು ಕೆಂಪು ಮೂಗು, ಮುಚ್ಚಿದ ಕಣ್ಣು ಮಾಡಿಕೊಂಡು ಎದುರಿಗೆ ಸಿಗುತ್ತಾರೆ. ನಮಸ್ಕಾರ ಹೇಳಿದರೂ ಅವರಿಗೆ ಕೇಳುವುದಿಲ್ಲ.

ಹಿಮ ಎಂದರೆ ಎಲ್ಲೆಲ್ಲೂ ಒಂದೇ ಎಂದುಕೊಂಡವರು ಟರ್ನ್‌ಹೌಸ್ ಏರುವಷ್ಟರಲ್ಲೇ ಅಭಿಪ್ರಾಯ ಬದಲಿಸುತ್ತಾರೆ. ಬುಡದ ಹುಲ್ಲಿನ ಮೇಲೆ ಒದ್ದೆ ಹಿಮ. ಬೂಟಿಗೆ ಮೆತ್ತಿಕೊಂಡು ಉಂಡೆಗಟ್ಟುತ್ತದೆ, ಹತ್ತು ಹೆಜ್ಜೆಗೊಮ್ಮೆ ಕೊಡವಬೇಕು. ಇನ್ನೂ ಮೇಲೆ ಹೀದರ್ ಪೊದೆಗಳ ಇಳಿಜಾರು. ಇಲ್ಲಿ ಹಿಮ ನೆಲದ ಮೇಲಲ್ಲ, ಪೊದೆಯ ತಲೆಯ ಮೇಲೆ ಕೂತಿರುತ್ತದೆ. ಗಟ್ಟಿ ಎಂದು ಕಾಲಿಟ್ಟರೆ ಮೊಣಕಾಲವರೆಗೆ ಕುಸಿತ. ಬೇಸಗೆಯಲ್ಲಿ ಪೊದೆ ಎಲ್ಲಿದೆ, ಹುಲ್ಲು ಎಲ್ಲಿದೆ ಎಂದು ನೋಡಿಟ್ಟುಕೊಂಡವರು ಮಾತ್ರ ಇದನ್ನು ತಪ್ಪಿಸಿಕೊಳ್ಳಬಲ್ಲರು. ನೆತ್ತಿಯ ಮೇಲಿನದು ಗಾಳಿ ತಟ್ಟಿ ತಟ್ಟಿ ಗಟ್ಟಿ ಮಾಡಿದ ಹಿಮ, ನಡೆಯಲು ಅದರಷ್ಟು ಸೊಗಸು ಬೇರಿಲ್ಲ. ಹೆಜ್ಜೆಯಿಟ್ಟರೆ ಕರಕ್ ಎಂದು ಒಂದಿಷ್ಟೇ ಇಳಿದು ನಿಲ್ಲುತ್ತದೆ.

ಗಾಳಿಯ ಕೈವಾಡ ನೋಡಬೇಕಾದರೆ ಬೇಲಿ ನೋಡಿ. ಕೊರೆಯುವ ಮಂಜು ತಂತಿಗೆ ತಗುಲಿ ಹೆಪ್ಪುಗಟ್ಟಿ ಗರಿಗರಿಯಾಗಿ ಬೆಳೆದಿರುತ್ತದೆ. ಅದು ಬೆಳೆಯುವುದು ಗಾಳಿ ಹೋದ ಕಡೆಗಲ್ಲ, ಗಾಳಿ ಬಂದ ಕಡೆಗೆ. ಹೊಸಬರು ಇದನ್ನು ನಂಬುವುದೇ ಇಲ್ಲ. ನಿನ್ನೆ ರಾತ್ರಿ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು ಎಂಬುದಕ್ಕೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಸಿಗದು. ಇನ್ನೊಂದು ವಿಚಿತ್ರ ಕಾರ್ನೆಥಿಯ ಬೆನ್ನಿನ ಮೇಲೆ ಸಿಗುತ್ತದೆ. ಹಿಂದಿನ ದಿನ ಯಾರೋ ನಡೆದುಹೋದ ಹೆಜ್ಜೆಗಳು ತಗ್ಗಾಗಿರುವ ಬದಲು ಉಬ್ಬಿ ನಿಂತಿರುತ್ತವೆ. ತುಳಿದಲ್ಲಿ ಹಿಮ ಅದುಮಿ ಗಟ್ಟಿಯಾಗಿತ್ತು. ಸುತ್ತಲಿನ ಸಡಿಲ ಹಿಮವನ್ನು ರಾತ್ರಿಯ ಗಾಳಿ ಹೊತ್ತೊಯ್ದಿದೆ. ಹೆಜ್ಜೆ ಮಾತ್ರ ಪೀಠ ಹಾಕಿಕೊಂಡು ಕೂತಿದೆ!

ಮನುಷ್ಯರದ್ದಕ್ಕಿಂತ ಹೆಚ್ಚು ಓದಿಸಿಕೊಳ್ಳುವ ಹೆಜ್ಜೆಗಳೂ ಇವೆ. ಮೊಲ ಹಾರಿದಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತವೆ, ಆದ್ದರಿಂದ ದೊಡ್ಡ ಗುರುತು ಇರುವ ಕಡೆಯೇ ಅದು ಹೋದ ದಿಕ್ಕು. ನರಿಯದ್ದು ದಾರ ಹಿಡಿದಂತೆ ನೇರ ಸಾಲು. ಕೆಂಪು ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಗೆ ಕಾಲ್ಬೆರಳವರೆಗೂ ಪುಕ್ಕ. ಕಾಲಬುಡದಿಂದಲೇ ಗೊಗ್ಗರು ದನಿಯಲ್ಲಿ ಬೈಯುತ್ತಾ ಎದ್ದು ಹಾರಿ ಎದೆ ನಡುಗಿಸುತ್ತದೆ. ಇಲ್ಲಿಯ ಬೆಟ್ಟದ ಮೊಲ ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ. ಬಣ್ಣ ಬದಲಾಯಿಸಲು ಅದು ನೆಚ್ಚುವುದು ಹಗಲಿನ ಉದ್ದವನ್ನು, ಹಿಮವನ್ನಲ್ಲ. ಹಗಲು ಕುಗ್ಗಿತು, ಮೊಲ ಬೆಳ್ಳಗಾಯಿತು, ಹಿಮ ಬರಲೇ ಇಲ್ಲ. ಈಚಿನ ಬೆಚ್ಚನೆಯ ಚಳಿಗಾಲಗಳಲ್ಲಿ ಕಂದು ಗುಡ್ಡದ ಮೇಲೆ ಒಂಟಿ ಬಿಳಿ ಚುಕ್ಕೆಯಾಗಿ ಕೂತು ಹದ್ದಿನ ಕಣ್ಣಿಗೆ ಬೀಳುವ ಪಾಡು ಅದರದು. ಈ ಮೊಲಗಳನ್ನು ಲೈಸೆನ್ಸಿಲ್ಲದೆ ಕೊಲ್ಲುವಂತಿಲ್ಲ ಎಂದು ಸ್ಕಾಟ್ಲೆಂಡಿನಲ್ಲಿ 2021ರ ಮಾರ್ಚ್‌ನಿಂದ ಕಾನೂನು ಇದೆ. ನರಿ, ಹದ್ದುಗಳಿಗೆ ಆ ಕಾನೂನು ತಿಳಿಸಿದವರಿಲ್ಲ.

ಬಿಸಿಲಿನ ಮಾತು ಹೇಳದಿದ್ದರೆ ಈ ಬರಹ ಅರ್ಧವಾದೀತು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಏಳುವುದು ಎಂಟೂ ಮುಕ್ಕಾಲರ ಹೊತ್ತಿಗೆ, ಮುಳುಗುವುದು ಮೂರೂ ಮುಕ್ಕಾಲರ ಹೊತ್ತಿಗೇ. ನಡುಮಧ್ಯಾಹ್ನದಲ್ಲೂ ದಿಗಂತದಿಂದ 11 ಡಿಗ್ರಿ ಮೇಲೇರುವುದಿಲ್ಲ. ಅಂದರೆ ನಮ್ಮೂರಲ್ಲಿ ಸಂಜೆ ಐದಕ್ಕೆ ಬೀಳುವಂಥ ಓರೆ ಬಿಸಿಲು ಇಲ್ಲಿ ಇಡೀ ದಿನ. ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ನೆರಳು ನಿಮ್ಮ ಐದು ಪಟ್ಟು ಉದ್ದ ಚಾಚಿಕೊಂಡಿರುತ್ತದೆ. ಹಿಮದ ಮೇಲೆ ಆ ನೆರಳಿನ ಬಣ್ಣ ಕಪ್ಪಲ್ಲ, ನೀಲಿ. ಬಿಸಿಲು ಬೀಳದ ಜಾಗಕ್ಕೆ ಬೆಳಕು ಕೊಡುತ್ತಿರುವುದು ಆಕಾಶವೇ ತಾನೆ. ಬೇಸಗೆಯಲ್ಲಿ ಮಟ್ಟಸವಾಗಿ ಕಾಣುವ ಇಳಿಜಾರಿನಲ್ಲಿ ಇಷ್ಟೊಂದು ಮಡಿಕೆ, ಇಷ್ಟೊಂದು ಹಳೆಯ ಕಾಲುದಾರಿ ಇವೆಯೇ ಎಂದು ಬೆರಗಾಗುತ್ತದೆ. ಕಾರ್ನೆಥಿಯ ನೆತ್ತಿಯಲ್ಲಿ ಕಂಚಿನ ಯುಗದ ಜನ ಸತ್ತವರಿಗಾಗಿ ಪೇರಿಸಿದ ಕಲ್ಲುಗುಪ್ಪೆ ಇದೆ. ಬೇರೆ ದಿನ ಅದು ಬರೀ ಕಲ್ಲಿನ ರಾಶಿ. ಹಿಮ ಬಿದ್ದು ಓರೆ ಬಿಸಿಲು ತಾಗಿದಾಗ ಮಾತ್ರ ಅದರ ದುಂಡು ಆಕಾರ ಎದ್ದು ಕಾಣುತ್ತದೆ.

ಟರ್ನ್‌ಹೌಸ್‌ನ ಬುಡದಲ್ಲಿ ರುಲಿಯನ್ ಗ್ರೀನ್ ಎಂಬ ಜಾಗವಿದೆ. ರಾಜ ಹೇರಿದ ಚರ್ಚು ವ್ಯವಸ್ಥೆಯನ್ನು ಒಪ್ಪದೆ ಬಂಡೆದ್ದ ಪಶ್ಚಿಮದ ಸೀಮೆಯ ಜನ ಎಡಿನ್‌ಬರೊ ತನಕ ನಡೆದು ಬಂದು, ಬೆಂಬಲ ಸಿಗದೆ ಹಿಂದಿರುಗುತ್ತಿದ್ದಾಗ 1666ರ ನವೆಂಬರ್ 28ರಂದು ಇಲ್ಲಿ ಸರ್ಕಾರಿ ಸೈನ್ಯದ ಕೈಗೆ ಸಿಕ್ಕಿ ಸೋತರು. ಹಸಿದು, ನೆನೆದು, ಚಳಿಗೆ ಸೊರಗಿ ಬಂದವರು. ಬೆಚ್ಚನೆಯ ಜಾಕೆಟ್ಟು ತೊಟ್ಟು ಆ ಜಾಗ ದಾಟುವಾಗ ಅವರ ನೆನಪಾಗದೆ ಇರುವುದಿಲ್ಲ. ಆ ಬಂಡಾಯದ ಬಗ್ಗೆ 200 ವರ್ಷದ ನಂತರ, 1866ರಲ್ಲಿ, ಒಂದು ಸಣ್ಣ ಪುಸ್ತಕ ಬಂತು. ಬರೆದವನು 16 ವರ್ಷದ ಹುಡುಗ ರಾಬರ್ಟ್ ಲೂಯಿ ಸ್ಟೀವನ್‌ಸನ್, ಮುಂದೆ ‘ಟ್ರೆಷರ್ ಐಲ್ಯಾಂಡ್’ ಬರೆದವನು. ಅವನ ಮನೆಯವರು 1867ರಿಂದ 1880ರವರೆಗೆ ಸ್ವಾನ್‌ಸ್ಟನ್‌ನಲ್ಲೊಂದು ಮನೆ ಬಾಡಿಗೆಗೆ ಹಿಡಿದಿದ್ದರು. ಎಡಿನ್‌ಬರೊ ಕುರಿತ ಅವನ ಪುಸ್ತಕದ ಕೊನೆಯ ಎರಡು ಅಧ್ಯಾಯಗಳಲ್ಲಿ ಒಂದು ಚಳಿಗಾಲದ ಮೇಲೆ, ಮತ್ತೊಂದು ಈ ಬೆಟ್ಟಗಳ ಮೇಲೆ. ಲೋಕ ಸುತ್ತಿದ ಆ ಮನುಷ್ಯನೂ ನಡೆಯಲು ಕಲಿತದ್ದು ಮನೆ ಹಿಂದಿನ ಗುಡ್ಡದಲ್ಲಿ.

ತಿಂಡಿಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಚಿಕ್ಕಿ ಬೇಡ, ಸೊನ್ನೆಗಿಂತ ಕೆಳಗೆ ಅದು ಹಲ್ಲಿನ ವೈರಿ. ಅವಲಕ್ಕಿ ಚೂಡಾ ಗಾಳಿಯ ಪಾಲು, ಕೈಗವಸು ಹಾಕಿಕೊಂಡು ತಿನ್ನಲೂ ಬಾರದು. ಎಳ್ಳುಂಡೆ ಮೆತ್ತಗೆ ಕಟ್ಟಿದ್ದರೆ ಸರಿ. ಫ್ಲಾಸ್ಕಿನಲ್ಲಿ ಕಾಫಿಯಲ್ಲ, ಮೆಣಸಿನ ಸಾರು. ಸ್ಕಾಲ್ಡ್ ಲಾಗೂ ಕಾರ್ನೆಥಿಗೂ ನಡುವಿನ ತಗ್ಗಿನಲ್ಲಿ, ಹಿಂದಿನ ಕಾಲದಲ್ಲಿ ಕಣಿವೆಯ ಜನ ಪೆನಿಕ್ಯುಕ್ ಊರಿನ ಚರ್ಚಿಗೆ ನಡೆದುಹೋಗುತ್ತಿದ್ದ ದಾರಿಯ ಪಕ್ಕ, ಗಾಳಿಗೆ ಬೆನ್ನು ಮಾಡಿ ಕೂತು ಅದನ್ನು ಹೀರಬೇಕು.

ಆ ತಗ್ಗಿನಲ್ಲೇ ಮುಖ್ಯ ತೀರ್ಮಾನ ಆಗಬೇಕು. ಬೆಳಕು, ಕಾಲು, ಗಾಳಿ ಮೂರೂ ಸರಿಯಿದ್ದರೆ ಮುಂದೆ ಸ್ಕಾಲ್ಡ್ ಲಾ. ಒಂದು ಕೈಕೊಟ್ಟರೂ ಹಳೆಯ ಚರ್ಚಿನ ದಾರಿ ಹಿಡಿದು ಕಣಿವೆಗೆ ಇಳಿದುಬಿಡಿ. ಪಕ್ಕದ ಬೆಟ್ಟದ ದೊಡ್ಡ ಗುಣ ಇದು, ಅರ್ಧಕ್ಕೆ ವಾಪಸಾದರೆ ನಷ್ಟವೇನಿಲ್ಲ. ಮೂರು ಗಂಟೆ ಕಾರು ಓಡಿಸಿ, ರೂಮಿಗೆ ದುಡ್ಡು ಸುರಿದು ಹೋದವರಿಗೆ ಹಿಂದಿರುಗುವ ಬುದ್ಧಿ ಸುಲಭಕ್ಕೆ ಬರುವುದಿಲ್ಲ, ಅಪಘಾತಗಳಾಗುವುದೂ ಅಲ್ಲೇ. ಹಾಗೆಂದು ಸಣ್ಣ ಬೆಟ್ಟ ಎಂದು ಹಗುರಾಗಿ ಕಾಣುವಂತಿಲ್ಲ. ಪ್ರತಿ ಫೆಬ್ರವರಿಯಲ್ಲಿ ಕಾರ್ನೆಥಿ ಸುತ್ತಲಿನ ಐದು ಗುಡ್ಡಗಳ ಮೇಲೆ 1971ರಿಂದ ನಡೆದುಬಂದಿರುವ ಓಟದ ಪಂದ್ಯದಲ್ಲಿ ಜನ ಚಡ್ಡಿ ಹಾಕಿಕೊಂಡು ಓಡುವುದನ್ನು ನೋಡಿ ಮೋಸಹೋಗಬೇಡಿ. ಅವರು ಬೇರೆಯೇ ಜಾತಿ.

ಈ ವರ್ಷ ಓದಲೆಂದು ಇಲ್ಲಿಗೆ ಬಂದಿರುವ ನಮ್ಮ ಹುಡುಗ ಹುಡುಗಿಯರಿಗೆ ಕೊನೆಯದಾಗಿ ಎರಡು ಮಾತು. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಮೈಬಿಸಿಯನ್ನೆಲ್ಲ ಹೀರಿಬಿಡುತ್ತದೆ, ಉಣ್ಣೆ ಹಾಕಿ. ಬೂಟಿಗೆ ತೊಡಿಸುವ ಮುಳ್ಳುಪಟ್ಟಿ, ತಲೆಗೆ ಕಟ್ಟುವ ಟಾರ್ಚು, ಕಾಗದದ ನಕ್ಷೆ ಚೀಲದಲ್ಲಿರಲಿ, ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ. ಎದುರಿನ ಕಾಸಲ್ ಲಾ ಕಡೆ ಸೈನ್ಯದ ಗುಂಡಿನ ತಾಲೀಮು ನಡೆಯುತ್ತದೆ, ಕೆಂಪು ಬಾವುಟ ಹಾರುತ್ತಿದ್ದರೆ ಅತ್ತ ಸುಳಿಯಬೇಡಿ. ಡಿಸೆಂಬರಿನಲ್ಲಿ ಮೂರು ಗಂಟೆಯೊಳಗೆ ಲೋಗನ್‌ಲೀ ಜಲಾಶಯದ ಪಕ್ಕದ ರಸ್ತೆ ಸೇರಿರಿ. ಅಲ್ಲಿಂದ ಫ್ಲಾಟರ್‌ಸ್ಟೋನ್ ತನಕ ಡಾಂಬರು, ಕತ್ತಲಾದರೂ ದಾರಿ ತಪ್ಪುವುದಿಲ್ಲ.