ಪರದೆ ದಾಟಿ ಬಂದ ಅಜೀಜ್

‘ತುಘಲಕ್’ ನೋಡಿ ಬಂದವರನ್ನು ಹೇಗಿತ್ತೆಂದು ಕೇಳಿ. ಮೊದಲ ಮಾತು ಸುಲ್ತಾನನ ಪಾತ್ರಧಾರಿಯ ಬಗ್ಗೆಯೇ ಬರುತ್ತದೆ. ಕಂಠ ಹೇಗಿತ್ತು, ಗತ್ತು ಹೇಗಿತ್ತು, ನಟರಂಗದ ಸಿ.ಆರ್. ಸಿಂಹ ಅವರ ಮುಂದೆ ಇವನೆಷ್ಟರವನು. ದೆಹಲಿಯ ಪುರಾನಾ ಕಿಲಾದಲ್ಲಿ ಇಬ್ರಾಹಿಂ ಅಲ್ಕಾಜಿ 1974ರಲ್ಲಿ ಮಾಡಿಸಿದ ಪ್ರಯೋಗದ ಮಾತೆತ್ತಿದರೂ ಅಷ್ಟೇ, ಮನೋಹರ್ ಸಿಂಗ್ ಹೆಸರು ಬಂದು ಮಾತು ಮುಗಿಯುತ್ತದೆ. ನಾನು ಮಾತ್ರ ಈ ನಾಟಕಕ್ಕೆ ಹೋದರೆ ಕರಪತ್ರದಲ್ಲಿ ಮೊದಲು ಹುಡುಕುವುದು ಅಗಸ ಅಜೀಜನ ಪಾತ್ರ ಯಾರದೆಂದು. ಸುಲ್ತಾನ ಸುಮಾರಾಗಿದ್ದರೂ ಸಂಜೆ ದಂಡವಾಗುವುದಿಲ್ಲ. ಅಜೀಜ್ ಕೆಟ್ಟರೆ ನಾಟಕವೇ ಕೆಟ್ಟಿತು.

ಇದಕ್ಕೆ ಕಾರಣ ನಾಟಕದ ಕಟ್ಟೋಣದಲ್ಲೇ ಇದೆ. ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಕಂಪನಿ ನಾಟಕಗಳನ್ನು ನೋಡುತ್ತ. ಕಂಪನಿಯವರಲ್ಲಿ ಎರಡು ಬಗೆಯ ಸೀನುಗಳಿದ್ದವು. ರಂಗದ ಆಳವನ್ನೆಲ್ಲ ಬಳಸಿಕೊಳ್ಳುವ ಡೀಪ್ ಸೀನು ಒಂದು: ದರ್ಬಾರು, ಅಂತಃಪುರ, ಉದ್ಯಾನ. ಅದು ಮುಗಿದೊಡನೆ ಬೀದಿಯ ಚಿತ್ರ ಬರೆದ ಪರದೆ ಮುಂದೆ ಇಳಿಯುತ್ತಿತ್ತು. ಹಿಂದೆ ಸಿಂಹಾಸನ ಎತ್ತಿ ಮಂಚ ಇಡುವ ಗಡಿಬಿಡಿ. ಮುಂದೆ ಉಳಿದ ಕಿರುಜಾಗದಲ್ಲಿ ಹಾಸ್ಯಗಾರರ ದರ್ಬಾರು. ಇದು ಶಾಲೋ ಸೀನು. ಜನಪ್ರಿಯತೆಯ ಲೆಕ್ಕಕ್ಕೆ ಬಂದರೆ ಹಾಸ್ಯಗಾರ ರಾಜನಿಗೆ ಕಡಿಮೆಯವನೇನಲ್ಲ. ‘ಸದಾರಮೆ’ ಎಂದರೆ ಹಳಬರಿಗೆ ನೆನಪಾಗುವುದು ಗುಬ್ಬಿ ವೀರಣ್ಣನವರ ಕಳ್ಳ, ರಾಜಕುಮಾರನಲ್ಲ. ಆದರೂ ರಾಜನ ಜಾಗ ರಾಜನಿಗೆ, ಹಾಸ್ಯಗಾರನ ಜಾಗ ಹಾಸ್ಯಗಾರನಿಗೆ. ನಡುವೆ ತೂಗುವ ಬಟ್ಟೆ ಸೀನರಿಯ ಅನುಕೂಲಕ್ಕೆ ಬಂದದ್ದಾದರೂ ಅಂತಸ್ತಿನ ಗೆರೆಯೂ ಆಗಿಬಿಟ್ಟಿತ್ತು.

1964ರಲ್ಲಿ ‘ತುಘಲಕ್’ ಬರೆಯುವಾಗ ಕಾರ್ನಾಡರು ಇದೇ ಏರ್ಪಾಟನ್ನು ಎತ್ತಿಕೊಂಡರು. ಬರೆಯುತ್ತ ಹೋದಂತೆ ಬೀದಿಯ ಸೀನುಗಳು ಮೈತುಂಬಿಕೊಂಡು, ಒಂದಾದ ಮೇಲೊಂದು ಬರುವ ಕ್ರಮವೇ ಕೈತಪ್ಪಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೈತಪ್ಪಿದ್ದು ನಾಟಕದ ಪುಣ್ಯ.

ಅಜೀಜನ ದಾರಿಯನ್ನೇ ನೋಡಿ. ವೃತ್ತಿಯಿಂದ ಅಗಸ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದು, ಐನೂರು ಬೆಳ್ಳಿ ದಿನಾರನ್ನೂ ಸರ್ಕಾರಿ ನೌಕರಿಯನ್ನೂ ಗಿಟ್ಟಿಸುತ್ತಾನೆ. ಪಕ್ಕದಲ್ಲಿ ಜೇಬುಗಳ್ಳ ಗೆಳೆಯ ಆಜಮ್. ಇಲ್ಲಿಯವರೆಗೆ ಕಂಪನಿ ಪ್ರೇಕ್ಷಕನಿಗೆ ಚೆನ್ನಾಗಿ ಗೊತ್ತಿರುವ ಜೋಡಿ ಇದು: ಒಬ್ಬ ಚಾಲಾಕಿ, ಇನ್ನೊಬ್ಬ ಅಂಜುಬುರುಕ. ನಕ್ಕು ಸುಮ್ಮನಾಗುತ್ತೇವೆ. ಸುಲ್ತಾನ ದೆಹಲಿಯಿಂದ ದೌಲತಾಬಾದಿಗೆ ಜನರನ್ನು ಹೊರಡಿಸಿದ ಮೇಲೆ, ಏಳನೆಯ ದೃಶ್ಯದಲ್ಲಿ ಅದೇ ಅಜೀಜ್ ಅಧಿಕಾರಿಯಾಗಿ ಕುಳಿತಿದ್ದಾನೆ. ಕಾಯಿಲೆಯ ಮಗುವನ್ನು ಹೊತ್ತ ಹೆಂಗಸೊಬ್ಬಳು ವೈದ್ಯರಲ್ಲಿಗೆ ಹೋಗಿಬರಲು ಅಪ್ಪಣೆ ಬೇಡುತ್ತಾಳೆ. ಇವನು ಲಂಚ ಕೇಳುತ್ತಾನೆ. ಇರುವ ಕಾಸು ಔಷಧಿಗೇ ಬೇಕು, ಅವಳು ಕೊಡುವುದೆಲ್ಲಿಂದ? ಮಗು ಹೇಗೂ ಸಾಯುವುದೇ, ವೈದ್ಯನಿಗೆ ಸುರಿಯುವ ದುಡ್ಡು ಉಳಿಸಿಕೊಟ್ಟೆ ಎಂಬಂಥ ಸಮಜಾಯಿಷಿ ಅವನ ಬಾಯಲ್ಲಿ ಸಲೀಸಾಗಿ ಬರುತ್ತದೆ. ದೃಶ್ಯದ ಲಯ ಇನ್ನೂ ಹಾಸ್ಯದ್ದೇ. ಆಜಮನ ಪೆದ್ದುತನವಿದೆ, ಚುರುಕು ಮಾತಿದೆ. ಸಭಾಂಗಣದಲ್ಲಿ ಅರ್ಧ ಜನ ನಗುತ್ತಿರುತ್ತಾರೆ, ಉಳಿದರ್ಧ ನಕ್ಕದ್ದಕ್ಕೆ ನಾಚಿಕೊಂಡಿರುತ್ತಾರೆ. ಹಾಗಾಗದಿದ್ದರೆ ನಿರ್ದೇಶಕ ದೃಶ್ಯವನ್ನು ತಪ್ಪಾಗಿ ಓದಿದ್ದಾನೆ. ಕೆಲವರು ಇಲ್ಲಿ ಹಿನ್ನೆಲೆಗೆ ಸಾರಂಗಿ ಹಚ್ಚಿ ಅಳಿಸಲು ನೋಡುತ್ತಾರೆ. ಶುದ್ಧ ಅಪಚಾರ.

ಅಲ್ಲಿಂದ ಮುಂದೆ ಖೋಟಾ ನಾಣ್ಯ, ಬೆಟ್ಟದಲ್ಲಿ ದರೋಡೆ. ಒಂಬತ್ತನೆಯ ದೃಶ್ಯಕ್ಕೆ ಬರುವಾಗ ಖಲೀಫನ ವಂಶದ ಘಿಯಾಸುದ್ದೀನ್ ಅಬ್ಬಾಸಿದನ ಕೊಲೆ, ಅವನ ಉಡುಪಿನಲ್ಲಿ ರಾಜಧಾನಿಗೆ ಪ್ರಯಾಣ. ಈ ನಾಟಕದಲ್ಲಿ ಉಡುಪು ಬದಲಾದಾಗಲೆಲ್ಲ ಯಾರೋ ಸಾಯುತ್ತಾರೆ. ಸುಲ್ತಾನನನ್ನು ಟೀಕಿಸುವ ಧರ್ಮಗುರು ಶೇಖ್ ಇಮಾಮುದ್ದೀನನಿಗೆ ಅವನದೇ ಹೋಲಿಕೆಯಿದೆ. ರಾಜನ ನಿಲುವಂಗಿ ತೊಡಿಸಿ ಆನೆಯ ಮೇಲೆ ಕೂರಿಸಿ ಸಂಧಾನಕ್ಕೆಂದು ಕಳಿಸಿದ್ದೇ ತಡ, ಬಾಣಕ್ಕೆ ಬಲಿಯಾಗುತ್ತಾನೆ. ಪರರ ಬಟ್ಟೆ ಇಮಾಮನಿಗೆ ಮೃತ್ಯುವಾಯಿತು, ಅಜೀಜನಿಗೆ ಬದುಕಾಯಿತು. ಜೀವಮಾನವಿಡೀ ಪರರ ಬಟ್ಟೆಯಲ್ಲೇ ಕೈಯಾಡಿಸಿದವನಿಗೆ ಅದರ ಗುಟ್ಟು ಗೊತ್ತಿರಬೇಕಾದ್ದೇ. ಕಾರ್ನಾಡರು ಅವನನ್ನು ಅಗಸನನ್ನಾಗಿ ಮಾಡಿದ್ದು ಬರಿಯ ಆಕಸ್ಮಿಕ ಎಂದು ನನಗೆ ನಂಬಲಾಗುತ್ತಿಲ್ಲ.

ದೌಲತಾಬಾದಿನ ಕೋಟೆಯ ಹೊರಗೆ ಸುಲ್ತಾನ ಈ ಖೋಟಾ ಅಬ್ಬಾಸಿದನನ್ನು ಎದುರುಗೊಂಡು ಕಾಲಿಗೆ ಬೀಳುತ್ತಾನೆ. ಆ ಕ್ಷಣವನ್ನು ಇಬ್ಬರು ನಟರು ನಿಭಾಯಿಸಿದ ಬಗೆ ನನ್ನ ಕಣ್ಣಲ್ಲಿ ಇಂದಿಗೂ ಇದೆ. ಹವ್ಯಾಸಿ ತಂಡವೊಂದರ ಅಜೀಜ್, ಸುಲ್ತಾನ ಬಗ್ಗಿದೊಡನೆ ಪ್ರೇಕ್ಷಕರತ್ತ ತಿರುಗಿ ಹುಬ್ಬು ಹಾರಿಸಿದ. ಜನ ಬಿದ್ದುಬಿದ್ದು ನಕ್ಕರು, ಶಿಳ್ಳೆಯೂ ಬಂತು. ಆಮೇಲಿನ ಎರಡು ದೃಶ್ಯ ಎಷ್ಟು ತಿಣುಕಿದರೂ ಮೇಲೇಳಲಿಲ್ಲ. ಹುಬ್ಬು ಹಾರಿಸಿದ್ದೇ ಅವನು ಮತ್ತೆ ಬೀದಿ ಪರದೆಯ ಮುಂದೆ ಹೋಗಿ ನಿಂತಂತಾಯಿತು, ನೋಡಿ. ಇನ್ನೊಂದು ಪ್ರಯೋಗದ ನಟ ಏನೂ ಮಾಡಲಿಲ್ಲ. ಅರೆಗಳಿಗೆ ಅವನ ಪಾದ ಹಿಂದಕ್ಕೆ ಸರಿಯಿತು, ಹಣೆಯಿಂದ ತಪ್ಪಿಸಿಕೊಳ್ಳುವಂತೆ. ಆಮೇಲೆ ನಿಂತಲ್ಲೇ ನಿಂತು ಬೆನ್ನು ನೇರ ಮಾಡಿಕೊಂಡ. ಖಲೀಫನ ವಂಶದವನಾಗಲು ಅಷ್ಟು ಸಾಕಾಯಿತು. ಯಾರೂ ನಗಲಿಲ್ಲ.

ಹದಿಮೂರನೆಯ, ಕೊನೆಯ ದೃಶ್ಯದಲ್ಲಿ ಬಣ್ಣ ಬಯಲಾಗುತ್ತದೆ. ಆಜಮ್ ಸತ್ತಿದ್ದಾನೆ. ಅಜೀಜ್ ಸುಲ್ತಾನನೆದುರು ನಿಂತು, ನಾನು ನಿಮ್ಮ ಶಿಷ್ಯ, ನಿಮ್ಮ ಒಂದೊಂದು ಯೋಜನೆಯನ್ನೂ ನನ್ನಷ್ಟು ಶ್ರದ್ಧೆಯಿಂದ ಜಾರಿಗೆ ತಂದವರಿಲ್ಲ ಎಂದು ವಾದಿಸುತ್ತಾನೆ. ಸುಳ್ಳಲ್ಲ. ಸುಲ್ತಾನ ಕಾನೂನಿನ ಮುಂದೆ ಎಲ್ಲರೂ ಒಂದೇ ಎಂದ, ಇವನು ದಾವೆ ಹೂಡಿದ. ರಾಜಧಾನಿ ಬದಲಿಸಿದ, ಇವನು ದಾರಿಯಲ್ಲಿ ಸುಂಕ ಎತ್ತಿದ. ತಾಮ್ರಕ್ಕೆ ಬೆಳ್ಳಿಯ ಬೆಲೆ ಕಟ್ಟಿದ, ಇವನು ತಾಮ್ರ ಕಾಯಿಸಿದ. ಇಲ್ಲಿ ಇಬ್ಬರ ದನಿಯೂ ಒಂದೇ ಎತ್ತರದಲ್ಲಿರಬೇಕು. ಸುಲ್ತಾನನ ಪಾತ್ರಧಾರಿ ಗರ್ಜಿಸುತ್ತ, ಅಜೀಜ್ ಕೈಮುಗಿದು ಗೊಣಗುತ್ತಿದ್ದರೆ, ಮುಂದೆ ಸುಲ್ತಾನ ಅವನನ್ನು ಕ್ಷಮಿಸಿ ದಖ್ಖನಿನಲ್ಲಿ ಅಧಿಕಾರ ಕೊಡುವುದು ಬರೀ ಹುಚ್ಚಾಟವಾಗಿ ಕಾಣುತ್ತದೆ. ಅದು ಹುಚ್ಚಲ್ಲ, ಗುರುತಿಸುವಿಕೆ. ಇಡೀ ಸಾಮ್ರಾಜ್ಯದಲ್ಲಿ ತನ್ನ ಮಾತು ಅರ್ಥವಾದವನು ಇವನೊಬ್ಬನೇ ಎಂದು ಅವನಿಗೆ ಆಗ ಹೊಳೆಯುತ್ತದೆ.

ಪಕ್ಕದಲ್ಲಿ ಇತಿಹಾಸಕಾರ ಬರನಿ ಈ ಕ್ಷಮೆಗೆ ಬೆಚ್ಚಿಬೀಳುತ್ತಾನೆ. ಕೊನೆಗೆ ಸುಲ್ತಾನನನ್ನು ಬಿಟ್ಟು ಹೊರಟೇಹೋಗುತ್ತಾನೆ. ನಿಜವಾದ ಜಿಯಾವುದ್ದೀನ್ ಬರನಿಯ ಚರಿತ್ರೆಯಲ್ಲೂ ಒಬ್ಬ ಅಜೀಜ್ ಇದ್ದಾನೆ. ಕುಲವಿಲ್ಲದವನಿಗೆ ಧಾರ್ ಮತ್ತು ಮಾಳವದ ಆಡಳಿತ ಕೊಟ್ಟರಲ್ಲ ಎಂದು ಬರನಿ ಅಲ್ಲಿ ಸಿಡಿಮಿಡಿಗೊಳ್ಳುತ್ತಾನೆ. ಅದನ್ನು ಓದಿಕೊಂಡು ನಾಟಕ ನೋಡಿದರೆ ಬರನಿಯ ನೋವಿನಲ್ಲಿ ಎಷ್ಟು ಪಾಲು ಧರ್ಮಸಂಕಟ, ಎಷ್ಟು ಪಾಲು ಕುಲದ ಅಸಹನೆ ಎಂಬ ಅನುಮಾನ ಏಳುತ್ತದೆ. ಈ ಪಾತ್ರವನ್ನು ಬರೀ ಸಾಧುವಾಗಿ ಆಡುವ ನಟರು ಆ ಅನುಮಾನಕ್ಕೆ ಎಡೆಯನ್ನೇ ಕೊಡುವುದಿಲ್ಲ.

ನೆಹರೂ ಯುಗದ ಭ್ರಮನಿರಸನದ ನಾಟಕ ಎಂಬ ಮಾತು ಕಾಲೇಜಿನ ಗೈಡುಗಳಲ್ಲಿ ಬೇಕಾದಷ್ಟಿದೆ, ಇಲ್ಲಿ ಬೇಡ. ಇನ್ನು ಸುಲ್ತಾನನ ಪಾತ್ರಧಾರಿಯ ಅಳತೆಗೋಲು ಯಾವುದು ಎಂದು ಕೇಳಿದರೆ, ಸಂಚುಗಾರ ಶಿಹಾಬುದ್ದೀನನನ್ನು ಇರಿಯುವ ದೃಶ್ಯದತ್ತ ನಾನು ಬೆರಳು ತೋರುವುದಿಲ್ಲ. ಅಲ್ಲಿ ಯಾರು ಬೇಕಾದರೂ ಬೆವರಬಹುದು. ಎಂಟನೆಯ ದೃಶ್ಯ ನೋಡಿ. ನಡುರಾತ್ರಿ ಕೋಟೆಯ ಮೇಲೆ ಎಳೆಯ ಪಹರೆಯವನೊಬ್ಬನ ಮುಂದೆ ಸುಲ್ತಾನ ತನ್ನ ಇಪ್ಪತ್ತೊಂದರ ಪ್ರಾಯವನ್ನು ನೆನೆಯುತ್ತಾನಲ್ಲ, ಅಲ್ಲಿ ಎಷ್ಟೋ ನಟರು ಹುಡುಗನನ್ನು ಮರೆತು ಗ್ಯಾಲರಿಗೆ ಭಾಷಣ ಮಾಡುತ್ತಾರೆ.

ಈಚೆಗೆ ಎರಡು ಗಂಟೆಯೊಳಗೆ ಮುಗಿಸುವ ಹಟ ಶುರುವಾಗಿದೆ. ಕತ್ತರಿ ಮೊದಲು ಬೀಳುವುದು ಏಳು ಮತ್ತು ಒಂಬತ್ತನೆಯ ದೃಶ್ಯಗಳಿಗೆ, ಕತೆ ಮುಂದೆ ಹೋಗಲು ಅವು ಬೇಕಿಲ್ಲವಂತೆ. ಆಗ ಕೊನೆಯಲ್ಲಿ ಸುಲ್ತಾನನೆದುರು ನಿಂತವನು ಎಲ್ಲಿಂದ ಬಂದ, ಯಾರ ಬೆನ್ನಮೇಲೆ ಕಾಲಿಟ್ಟು ಬಂದ ಎಂಬುದೇ ಗೊತ್ತಾಗದೆ ಜನ ಮುಖಮುಖ ನೋಡಿಕೊಳ್ಳುತ್ತಾರೆ. ಕತ್ತರಿ ಹಾಕಲೇಬೇಕಿದ್ದರೆ ಅಮೀರರ ಚರ್ಚೆಗಳಿಗೆ ಹಾಕಲಿ, ಅಗಸನ ತಂಟೆಗೆ ಹೋಗುವುದು ಬೇಡ.