ರ‍್ಯಾಂಕ್ ಪಟ್ಟಿಯ ಮುಂದೆ ಸಹಾನುಭೂತಿ

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು 2023ರ ಜುಲೈಯಲ್ಲಿ ತೀರಿಕೊಂಡಳು. ಆ ಸಾವಿನ ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ಸುಪ್ರೀಂ ಕೋರ್ಟ್, 2025ರ ಜುಲೈ 25ರ ಅದೇ ತೀರ್ಪಿನಲ್ಲಿ ದೇಶದ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲುಗಳಿಗೆಲ್ಲ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಶಾಸನ ಬರುವವರೆಗೆ ಇವೇ ಕಾನೂನು. ಮಕ್ಕಳ ಮನಸ್ಸು ನೋಯದಂತೆ ನೋಡಿಕೊಳ್ಳುವುದು ಮೇಷ್ಟ್ರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ, ಸಂಸ್ಥೆಯ ಹೊಣೆ ಎಂದದ್ದು ಈ ತೀರ್ಪಿನ ದೊಡ್ಡ ಸಾಧನೆ. ಆದರೆ ಅದು ಎಲ್ಲಿ ಬಿಗಿಯಾಗಬೇಕಿತ್ತೋ ಅಲ್ಲೇ ಸಡಿಲವಾಗಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು ಎನ್ನುವ ಕೋರ್ಟು, ಅಂಕದ ಮೇಲೆ ಬ್ಯಾಚ್ ಒಡೆಯುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ 'ಆದಷ್ಟು ಮಟ್ಟಿಗೆ' ಬಿಡಬೇಕು ಎನ್ನುತ್ತದೆ.

ಆ ಸಡಿಲಿಕೆಯ ಬೆಲೆ ಏನೆಂದು ತಿಳಿಯಲು ವಿಜಯವಾಡದ ಕಾರ್ಪೊರೇಟ್ ಇಂಟರ್ (ಅಲ್ಲಿನ ಪಿಯು) ಕಾಲೇಜುಗಳ ಪದ್ಧತಿಯನ್ನು ನೋಡಬೇಕು. ಇದೇ ಮಾದರಿ ನಮ್ಮ ಬೆಂಗಳೂರಿನ ಪಿಯು ಕಾಲೇಜುಗಳಿಗೂ ಬಂದಿದೆ. ಇಂಥ ಕಾಲೇಜುಗಳಲ್ಲಿ ವಾರದ ಟೆಸ್ಟು ಬರೀ ಟೆಸ್ಟಲ್ಲ. ಅಂಕ ಇಳಿದರೆ ಸೆಕ್ಷನ್ ಬದಲು. ಸೆಕ್ಷನ್ ಬದಲಾದರೆ ಪಕ್ಕದಲ್ಲಿ ಕೂರುವ ಗೆಳೆಯ ಬದಲು, ಎಷ್ಟೋ ಕಡೆ ಪಾಠ ಮಾಡುವವರೂ ಬದಲು. ಹದಿನಾರರ ಹುಡುಗ ಪುಸ್ತಕ ಹೊತ್ತು ಕೆಳಗಿನ ಸೆಕ್ಷನ್ನಿಗೆ ನಡೆಯುವುದನ್ನು ಇಡೀ ಬ್ಯಾಚು ನೋಡುತ್ತದೆ. ಯಾರೂ ಬೈಯಬೇಕಾಗಿಲ್ಲ, ಅವಮಾನ ವೇಳಾಪಟ್ಟಿಯಲ್ಲೇ ಇದೆ. ಇಂಥ ಕಡೆ ಸಮಾಲೋಚಕರು ಎಷ್ಟೇ ಸಮರ್ಥರಾದರೂ ಪ್ರತಿ ವಾರ ಆಗುವ ಗಾಯಕ್ಕೆ ಪಟ್ಟಿ ಕಟ್ಟುವುದಷ್ಟೇ ಅವರ ಕೆಲಸ. ಸಾವಿರ ಮಕ್ಕಳಿದ್ದರೆ ಎಷ್ಟು ಸಮಾಲೋಚಕರು ಬೇಕೆಂದು ನಿಯಮ ಅಂಕಿಯಲ್ಲಿ ಹೇಳುವುದಿಲ್ಲ. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕೆಂಬ ಸೂಚನೆ ಒಳ್ಳೆಯದೇ. ಆದರೆ ಮಗುವಿನ ಸಂಕಟ ಅರಿತ ಉಪನ್ಯಾಸಕಿಗೆ ಆ ಮಗುವನ್ನು ತನ್ನ ತರಗತಿಯಲ್ಲೇ ಉಳಿಸಿಕೊಳ್ಳುವ ಅಧಿಕಾರ ಇಲ್ಲದಿದ್ದರೆ ಅವಳ ಅರಿವಿನಿಂದ ಮಗುವಿಗೆ ಏನು ಬಂತು?

ಒಂದೇ ಮಟ್ಟದವರನ್ನು ಒಟ್ಟಿಗೆ ಕೂರಿಸಿದರೆ ಪಾಠ ಸುಲಭ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಭೌತಶಾಸ್ತ್ರದ ಒಂದು ಅಧ್ಯಾಯ ಹತ್ತದವರಿಗೆ ಸಂಜೆ ಬೇರೆ ಕೂರಿಸಿ ಹೇಳಿಕೊಡುವುದು ಬೋಧನೆ. ಮೊತ್ತದ ರ‍್ಯಾಂಕ್ ಹಿಡಿದು ಮಗುವಿನ ಇಡೀ ದಿನವನ್ನೇ ಬೇರೆ ಕೋಣೆಗೆ ಸಾಗಿಸುವುದು ಬೋಧನೆಯಲ್ಲ, ಜಾಹೀರಾತಿಗೆ ಬೇಕಾದ ಮುಖಗಳ ಆಯ್ಕೆ. ಸ್ಪರ್ಧೆಯೇ ಕ್ರೂರ, ಮಕ್ಕಳನ್ನು ಗಟ್ಟಿ ಮಾಡಬೇಡವೇ ಎಂದು ಪೋಷಕರು ಕೇಳುತ್ತಾರೆ. 2023ರಲ್ಲಿ ನೀಟ್ ಬರೆದವರು 20 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟು ಸುಮಾರು 1 ಲಕ್ಷ. ಈ ಲೆಕ್ಕದಲ್ಲಿ ಬಹುಪಾಲು ಮಕ್ಕಳಿಗೆ ಸೀಟು ಸಿಗುವುದೇ ಇಲ್ಲ, ಎಷ್ಟು ಗಟ್ಟಿಯಾದರೂ. ಹಾಗಿದ್ದ ಮೇಲೆ ಸಿಗದವರು ಬದುಕಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದೂ ಕಾಲೇಜಿನ ಕೆಲಸವಲ್ಲವೇ? ಅದೇ ವರ್ಷದ ಏಪ್ರಿಲ್‌ನಲ್ಲಿ ಆಂಧ್ರದ ಇಂಟರ್ ಫಲಿತಾಂಶ ಬಂದ ಎರಡು ದಿನಗಳಲ್ಲಿ ಒಂಬತ್ತು ಮಕ್ಕಳು ಪ್ರಾಣ ಕಳೆದುಕೊಂಡರು.

ಆಂಧ್ರದ ಕಾರ್ಪೊರೇಟ್ ಕಾಲೇಜುಗಳ ಸ್ಥಿತಿಯನ್ನು 2001ರಲ್ಲಿ ನೀರದಾ ರೆಡ್ಡಿ ಸಮಿತಿ, 2017ರಲ್ಲಿ ಚಕ್ರಪಾಣಿ ಸಮಿತಿ ಪರಿಶೀಲಿಸಿದ್ದವು. ವರದಿಗಳಿಗೆ ಕೊರತೆ ಇರಲಿಲ್ಲ, ಜಾರಿ ಇರಲಿಲ್ಲ. ಈಗಿನ ತೀರ್ಪು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಮೇಲ್ವಿಚಾರಣಾ ಸಮಿತಿ ಇರಬೇಕೆಂದಿದೆ. ಆ ಸಮಿತಿ ಕಾಲೇಜಿಗೆ ಹೋದಾಗ ಸಮಾಲೋಚಕರ ನೇಮಕಾತಿ ಪತ್ರ ನೋಡಿ ಸಹಿ ಹಾಕಿ ಬರಬಾರದು. ಕಳೆದ ಮೂರು ತಿಂಗಳ ಸೆಕ್ಷನ್ ಪಟ್ಟಿಗಳನ್ನು ತರಿಸಿಕೊಂಡು, ಯಾವ ಮಗುವನ್ನು ಎಲ್ಲಿಂದ ಎಲ್ಲಿಗೆ ಯಾಕೆ ಕಳಿಸಿದಿರಿ ಎಂದು ಕೇಳಬೇಕು.