ಬಯಲ ಸಂಸಾರದ ಕಂಬಳಿ

ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಕುರಿಗಾರ ಕುಟುಂಬಗಳು ವರ್ಷದಲ್ಲಿ ಹಲವು ತಿಂಗಳು ಅಡವಿ, ಹೊಲ, ರಸ್ತೆಗಳಲ್ಲೇ ಕಳೆಯುತ್ತವೆ. ಕುದುರೆಯ ಮೇಲೆ ಪಾತ್ರೆ, ಹಿಟ್ಟಿನ ಚೀಲ, ಕೋಳಿ, ನಡೆಯಲಾರದ ಕೂಸು, ಆಗಷ್ಟೇ ಹುಟ್ಟಿದ ಮರಿ. ರಾತ್ರಿ ರೈತರ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲಾಗಿ ಕಾಳೋ ದುಡ್ಡೋ ಸಿಗುತ್ತದೆ. ಈ ಸಂಸಾರದಲ್ಲಿ ನಾನು ತುಂಬ ಮೆಚ್ಚುವ ವಸ್ತು ಕರಿ ಕಂಬಳಿ.

ಅದಕ್ಕೆ ಬಳಸುವ ದಖನಿ ಕುರಿಯ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ, ಶಾಲಿನ ನುಣುಪು ಬಯಸುವವರಿಗೆ ಹಿಡಿಸದು. ಹೆಂಗಸರು ನೂಲು ತೆಗೆಯುತ್ತಾರೆ, ಕುಣಿಮಗ್ಗದಲ್ಲಿ ನೇಯ್ಗೆ. ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿದು ಬಿಸಿಲಲ್ಲಿ ಒಣಗಿಸುವುದೇ ಇದರ ಜಾಣ್ಮೆ: ನೂಲು ಬಿಗಿಯುತ್ತದೆ, ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದಿರುತ್ತದೆ. ಮಳೆ ಬಂದರೆ ಕೊಪ್ಪೆ ಮಡಿಸಿ ತಲೆಗೆ ಹಾಕಿಕೊಂಡರಾಯಿತು, ನೀರು ಜಾರಿಹೋಗುತ್ತದೆ. ಒದ್ದೆಯಾದರೂ ಉಣ್ಣೆ ಬೆಚ್ಚಗಿಡುವುದನ್ನು ಬಿಡದು. ಅದೇ ಕಂಬಳಿ ರಾತ್ರಿ ಹಾಸಿಗೆ, ಅದೇ ಹೊದಿಕೆ. ಕೋಲಿಗೆ ಕಟ್ಟಿದರೆ ಕೂಸಿಗೆ ನೆರಳು. ದೇವರ ಕಾರ್ಯಕ್ಕೂ ಮದುವೆಗೂ ಗದ್ದುಗೆ ಹಾಸುವುದು ಇದನ್ನೇ. ಒಂದೇ ಬಟ್ಟೆಯಿಂದ ಇಷ್ಟು ಕೆಲಸ ತೆಗೆಯುವವರಿಗೆ ಗುಡಾರದ ಅಂಗಡಿ ಬೇಕಿಲ್ಲ.

ಈಗ ಮಂದೆಗಳಲ್ಲಿ ಮಾಂಸಕ್ಕೆಂದು ಉಣ್ಣೆ ಕಡಿಮೆಯಿರುವ ತಳಿಗಳು ಸೇರಿವೆ. ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಉಣ್ಣೆಯನ್ನು ಎಸೆದುಬಿಡುತ್ತಾರೆ. ಚಳ್ಳಕೆರೆ, ಮೇಡ್ಲೇರಿ ಕಂಬಳಿಗೆ ಹೆಸರಾದ ಊರುಗಳು. ಆ ಕಡೆ ಹೋದರೆ ಯಂತ್ರದ ರಗ್ಗು ಬಿಟ್ಟು ಕೈಮಗ್ಗದ ಕಂಬಳಿ ಕೊಳ್ಳಿ. ಕುರಿವಾಸನೆಗೆ ಮುಖ ಸಿಂಡರಿಸಬೇಡಿ, ಚೌಕಾಸಿಯನ್ನಂತೂ ಮಾಡಲೇಬೇಡಿ.